ಪರಂಗಿ ಕತ್ತಿಯನ್ನು ಓದುವುದು ಹೇಗೆ?

ಮಕ್ಕಳೇ, ಪರಂಗಿ ಹಣ್ಣು ನಿಮಗೆಲ್ಲ ಗೊತ್ತು. ಅದರ ಮೂಲ ಅಮೆರಿಕ ಖಂಡ. ಪೋರ್ಚುಗೀಸರ ಕಾಲದಲ್ಲಿ ಅದು ನಮ್ಮ ನಾಡಿಗೆ ಬಂತು. ಯುರೋಪಿನವರನ್ನು ನಮ್ಮ ಹಿರಿಯರು 'ಪರಂಗಿ', 'ಫಿರಂಗಿ' ಅಂತ ಕರೆಯುತ್ತಿದ್ದರು. ಕನ್ನಡದಲ್ಲಿ ಫಿರಂಗಿ ಅಂದರೆ ತೋಪು. ಆದರೆ ಮರಾಠಿ ನಾಡಿನಲ್ಲಿ ಅದೇ ಹೆಸರು ಒಂದು ಕತ್ತಿಗೂ ಇತ್ತು: ಯುರೋಪಿನ ಅಲಗು, ನಮ್ಮವರು ಕೂಡಿಸಿದ ಹಿಡಿ.

ಅಂಥ ಕತ್ತಿಗಳು ನಮ್ಮಿಂದ ದೂರದವೇನೂ ಅಲ್ಲ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನ ಸೇನೆ ಗಜ್ಜಲಹಟ್ಟಿ ಕಣಿವೆ ಇಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡ್‌ನ ಇಂಗ್ಲಿಷ್ ಪಡೆಯೊಡನೆ ಹೋರಾಡಿತು. ತಾಳವಾಡಿ ಬೆಟ್ಟಗಳ ಮಗ್ಗುಲಲ್ಲೇ ಎರಡು ದೇಶಗಳ ಕಬ್ಬಿಣ ಎದುರುಬದುರಾಗಿತ್ತು. ಹಾಗಾದರೆ ಒಂದು ಹಳೆಯ ಕತ್ತಿ ಕಣ್ಣಿಗೆ ಬಿದ್ದರೆ ಅದು ಎಲ್ಲಿಯದು ಅಂತ ಹೇಳೋದು ಹೇಗೆ?

ಮೊದಲು ಹಿಡಿ ನೋಡಿ

ಕತ್ತಿಯ ಅಲಗು ಹಿಡಿಯೊಳಗೆ ಒಂದು ಕಿರಿದಾದ ಬಾಲದಂತೆ ಮುಂದುವರಿಯುತ್ತದೆ. ಯುರೋಪಿನ ಕತ್ತಿಯಲ್ಲಿ ಈ ಬಾಲ ಸಾಮಾನ್ಯವಾಗಿ ಹಿಡಿಯನ್ನು ಪೂರ್ತಿ ಹಾಯ್ದು, ತುದಿಯ ಗುಂಡಿನಿಂದ ಹೊರಬರುತ್ತದೆ. ಅಲ್ಲಿ ಅದನ್ನು ಬಡಿದು ಚಪ್ಪಟೆ ಮಾಡಿರುತ್ತಾರೆ. ನಮ್ಮ ಕತ್ತಿಗಳಲ್ಲಿ ಟೊಳ್ಳು ಹಿಡಿಯೊಳಗೆ ಬಿಸಿ ರಾಳ ಅಥವಾ ಅರಗು ತುಂಬಿ ಬಾಲವನ್ನು ಅಂಟಿಸುವುದು ರೂಢಿ. ತಣ್ಣಗಾದರೆ ಗಟ್ಟಿ, ಕಾಯಿಸಿದರೆ ಸಡಿಲ. ಅದಕ್ಕೇ ನಮ್ಮ ಕಮ್ಮಾರರಿಗೆ ಹೊರಗಿನ ಅಲಗನ್ನು ಊರಿನ ಹಿಡಿಗೆ ಕೂಡಿಸೋದು ಸುಲಭವಾಗಿತ್ತು. ಹಿಡಿ ನಮ್ಮದು ಅಂದ ಮಾತ್ರಕ್ಕೆ ಅಲಗೂ ನಮ್ಮದು ಅನ್ನೋ ಹಾಗಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಓದಬೇಕು. ತಂಜಾವೂರು ಅರಮನೆಯ ಆಯುಧಶಾಲೆಯಲ್ಲಿದ್ದ ಹಲವು ಆಯುಧಗಳು ಈಗ ಚೆನ್ನೈ ಎಗ್ಮೋರ್‌ನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಆ ಆಯುಧಶಾಲೆಯ ಎಷ್ಟೋ ಕಠಾರಿಗಳಿಗೆ ಯುರೋಪಿನ ಅಲಗೇ ಇತ್ತು.

ಆಮೇಲೆ ಅಲಗು

ಅಲಗಿನ ಉದ್ದಕ್ಕೂ ಒಂದೋ ಎರಡೋ ಮೂರೋ ಕಾಲುವೆ ಕಾಣಬಹುದು. 'ರಕ್ತ ಹರಿದುಹೋಗಲಿ ಅಂತ ಮಾಡಿದ್ದು' ಅಂತ ಕೆಲವರು ಹೇಳ್ತಾರೆ. ಅದು ಸರಿಯಲ್ಲ. ಬಿದಿರನ್ನು ನೆನೆಸಿಕೊಳ್ಳಿ: ಒಳಗೆ ಟೊಳ್ಳು, ಆದರೂ ಎಷ್ಟು ಬಿಗಿ! ಒಂದು ವಸ್ತು ಬಾಗುವಾಗ ಅದರ ಹೊರಪದರಗಳೇ ಹೆಚ್ಚಿನ ಭಾರ ಹೊರುತ್ತವೆ, ನಡುವಿನ ಭಾಗದ ಪಾಲು ಕಡಿಮೆ. ಹಾಗಾಗಿ ಅಲಗಿನ ನಡುವೆ ಸ್ವಲ್ಪ ಲೋಹ ತೆಗೆದರೆ ತೂಕ ಇಳಿಯುತ್ತದೆ, ಬಿಗಿ ಅಷ್ಟಾಗಿ ಇಳಿಯುವುದಿಲ್ಲ. ಸಿನಿಮಾದಲ್ಲಿ ಕತ್ತಿ ಎತ್ತಲು ಪೈಲ್ವಾನನೇ ಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಬ್ರಿಟಿಷ್ ಕುದುರೆ ಸವಾರರ 1796ರ ಮಾದರಿಯ ಬಾಗಿದ ಕತ್ತಿಯ ತೂಕ ಸುಮಾರು 1 ಕಿಲೋ ಮಾತ್ರ.

ಗುರುತು ಸಾಕ್ಷಿ, ತೀರ್ಪಲ್ಲ

ಅಲಗಿನ ಮೇಲೆ ಅಕ್ಷರ, ಚಿತ್ರ ಇರಬಹುದು. 'ವಿ ಆರ್' ಎಂಬ ಇಂಗ್ಲಿಷ್ ಅಕ್ಷರಗಳ ಮೇಲೆ ಕಿರೀಟವಿದ್ದರೆ ಅದು ವಿಕ್ಟೋರಿಯಾ ರಾಣಿಯ ಗುರುತು. ಅವಳು ಆಳಿದ್ದು 1837ರಿಂದ 1901ರವರೆಗೆ. ನಾಲ್ಕಾರು ಗೀರಿನಲ್ಲಿ ಕೆತ್ತಿದ, ಓಡುವ ತೋಳದಂಥ ಚಿತ್ರ ಜರ್ಮನಿಯ ಪಾಸಾವ್ ಊರಿನ ಕತ್ತಿಕಾರರದು.

ಆದರೆ ಸ್ವಲ್ಪ ತಾಳಿ. ಜರ್ಮನಿಯದೇ ಆದ ಜೋಲಿಂಗನ್ ಊರಿನವರೂ ಆ ತೋಳವನ್ನು ತಮ್ಮ ಅಲಗಿನ ಮೇಲೆ ಕೆತ್ತಿದರು. 'ಆಂಡ್ರಿಯಾ ಫೆರಾರಾ' 16ನೇ ಶತಮಾನದ ಇಟಲಿಯ ಹೆಸರಾಂತ ಕಮ್ಮಾರ. ಅವನು ಸತ್ತು ಎಷ್ಟೋ ಕಾಲದ ಮೇಲೆ ಸ್ಕಾಟ್ಲೆಂಡಿಗೆ ಮಾರಲು ಮಾಡಿದ ಜರ್ಮನ್ ಅಲಗುಗಳಲ್ಲೂ ಅವನ ಹೆಸರೇ! ಒಳ್ಳೆಯ ಹೆಸರಿಗೆ ಒಳ್ಳೆಯ ಬೆಲೆ, ಅಷ್ಟೇ. ಆದ್ದರಿಂದ ಹಿಡಿ, ಅಲಗಿನ ಆಕಾರ, ಸವೆತ, ಗುರುತು ಎಲ್ಲವೂ ಒಂದೇ ಮಾತು ಹೇಳುತ್ತವಾ ಅಂತ ನೋಡಬೇಕು. ಒಂದು ಸಾಕ್ಷಿ ಉಳಿದವಕ್ಕೆ ಹೊಂದದಿದ್ದರೆ ಅದನ್ನು ಬಿಟ್ಟುಬಿಡಬೇಡಿ, ಬರೆದಿಟ್ಟುಕೊಳ್ಳಿ. ವಿಜ್ಞಾನಿಗಳು ಮಾಡೋದೂ ಇದನ್ನೇ.

ನಮ್ಮ ಉಕ್ಕು

ಯುರೋಪಿನ ಅಲಗು ಇಲ್ಲಿಗೆ ಬಂದ ಹಾಗೆ ನಮ್ಮ ಉಕ್ಕು ಅಲ್ಲಿಗೂ ಹೋಯಿತು. ನಮ್ಮದೇ ಈರೋಡು ಜಿಲ್ಲೆಯ ಕೊಡುಮಣಲ್‌ನಲ್ಲಿ ನಡೆದ ಉತ್ಖನನದಲ್ಲಿ ಪ್ರಾಚೀನ ಕಬ್ಬಿಣದ ಕುಲುಮೆಗಳೂ ಮೂಸೆಗಳೂ ಸಿಕ್ಕಿವೆ. ಮುಚ್ಚಿದ ಮೂಸೆಯಲ್ಲಿ ಕಬ್ಬಿಣದ ಜೊತೆ ಇಂಗಾಲ ಸೇರಿಸಿ ಕರಗಿಸಿದರೆ ಗಟ್ಟಿಯಾದ ಉಕ್ಕು ಸಿಗುತ್ತದೆ. ಅದನ್ನು ಇಂಗ್ಲಿಷಿನವರು 'ವೂಟ್ಸ್' ಅಂದರು. 'ಉಕ್ಕು' ಎಂಬ ನಮ್ಮ ಪದವೇ ಅವರ ಬಾಯಲ್ಲಿ ಹಾಗಾಯಿತು ಎಂದು ಬಹಳ ವಿದ್ವಾಂಸರ ಅಭಿಪ್ರಾಯ. ವಿದ್ಯುತ್ತಿನ ಪ್ರಯೋಗಗಳಿಗೆ ಹೆಸರಾದ ಮೈಕೆಲ್ ಫ್ಯಾರಡೆ 1819ರ ಹೊತ್ತಿಗೆ ಈ ಉಕ್ಕಿನ ಗುಟ್ಟು ತಿಳಿಯಲು ಲಂಡನ್ನಿನಲ್ಲಿ ಪ್ರಯೋಗ ಮಾಡುತ್ತಿದ್ದರು.

ದಯವಿಟ್ಟು ತಿಕ್ಕಬೇಡಿ

ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ. ಹಳೆಯ ಕತ್ತಿಗೆ ಹಾಗೆ ಮಾಡಿದರೆ ಹುಣಸೆಯ ಆಮ್ಲ ತುಕ್ಕಿನ ಜೊತೆಗೆ ಲೋಹವನ್ನೂ ಕೊರೆಯುತ್ತದೆ. ಉಪ್ಪುಕಾಗದ ಹಾಕಿದರಂತೂ ಆ ತೋಳ, ಆ ಅಕ್ಷರ ಎಲ್ಲ ಹೋಯಿತು. ಇನ್ನೂರು ವರ್ಷದ ಸಾಕ್ಷಿ ಅರ್ಧ ಗಂಟೆಯಲ್ಲಿ ಅಳಿಸಿಹೋಗುತ್ತದೆ, ಮತ್ತೆ ಬರುವುದಿಲ್ಲ. ಗುಜರಿಗೆ ಹಾಕಿದರೂ ಅದೇ ಗತಿ. ಅಲಗನ್ನು ಬರಿಗೈಲಿ ಮುಟ್ಟಲೂಬೇಡಿ: ಅಂಚು ಕುಯ್ಯಬಹುದು, ಕೈಬೆವರಿನ ಉಪ್ಪು ತುಕ್ಕನ್ನು ಹೆಚ್ಚಿಸುತ್ತದೆ.

ಹೊಲ ಉಳುವಾಗ ಇಂಥದ್ದು ಸಿಕ್ಕರೆ ಸಿಕ್ಕ ಜಾಗ ಗುರುತು ಮಾಡಿ, ಮನೆಯವರಿಗೂ ಶಿಕ್ಷಕರಿಗೂ ಹೇಳಿ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರಿಗೆ ತಿಳಿಸಲೇಬೇಕು.

ಮಾಡಿ ನೋಡಿ

1. 30 ಸೆಂ.ಮೀ. ಅಳತೆಪಟ್ಟಿಯನ್ನು ಬೆರಳ ಮೇಲೆ ಸಮತೋಲನ ಮಾಡಿ. ಬೆರಳು ಎಷ್ಟನೇ ಸೆಂ.ಮೀ. ಹತ್ತಿರ ಇದೆ? ಈಗ ಒಂದು ತುದಿಗೆ ಜೇಡಿಮಣ್ಣಿನ ಉಂಡೆ ಅಂಟಿಸಿ ಮತ್ತೆ ನೋಡಿ. ಕತ್ತಿಯ ಹಿಡಿಯ ತುದಿಗೆ ಗುಂಡು ಯಾಕೆ ಅಂತ ಈಗ ಹೇಳಿ.

2. ಒಂದು ಕಾಗದದ ಪಟ್ಟಿಯನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟು ಮೇಲೆ ನಾಣ್ಯ ಇಡಿ. ಆಮೇಲೆ ಅದೇ ಪಟ್ಟಿಯನ್ನು ಉದ್ದಕ್ಕೆ ಕಾಲುವೆಯ ಹಾಗೆ ಮಡಚಿ ಇಡಿ. ಎರಡೂ ಸಲ ಎಷ್ಟೆಷ್ಟು ನಾಣ್ಯ ನಿಂತವು?

3. ಮನೆಯ ಹಳೆಯ ಕುಡುಗೋಲನ್ನು ದೊಡ್ಡವರ ಜೊತೆ ಕೂತು ನೋಡಿ. ಅದರ ಬಾಲ ಹಿಡಿಯೊಳಗೆ ಹೇಗೆ ಕೂತಿದೆ? ಯಾವ ಕಡೆ ಹೆಚ್ಚು ಸವೆದಿದೆ? ಯಾಕೆ? ಚಿತ್ರ ಬರೆದು ತರಗತಿಗೆ ತನ್ನಿ.