ಸಾಕ್ಷಿಯೂ ಠಾಣೆಯೂ

ಸಂತೆಯ ಬೀದಿಯಲ್ಲಿ ಹಾಡಹಗಲೇ ಒಂದು ಹೊಡೆದಾಟ ನಡೆಯಿತೆನ್ನೋಣ. ನೋಡಿದವರು ನೂರು ಮಂದಿ. ಪೊಲೀಸರು ಬಂದು ವಿಚಾರಿಸುವ ವೇಳೆಗೆ ಅವರಲ್ಲಿ ಒಬ್ಬನೂ ಇರುವುದಿಲ್ಲ. ಇದ್ದವನೂ ತಾನು ಆಗತಾನೆ ಬಂದೆನೆನ್ನುತ್ತಾನೆ. ಇದನ್ನು ಹೇಡಿತನವೆಂದು ಹಳಿಯುವುದು ಸುಲಭ. ಆದರೆ ಅವನ ಅಂಜಿಕೆಗೆ ಹೊಡೆದವನೊಬ್ಬನೇ ಕಾರಣನಲ್ಲ. ಠಾಣೆಯ ಬಾಗಿಲಲ್ಲಿ ದಿನವೆಲ್ಲ ಕಾಯಬೇಕಾದೀತು, ಅಂದಿನ ಕೂಲಿ ಕೈತಪ್ಪೀತು, ಏಕವಚನದ ಗದರಿಕೆ ಕೇಳಬೇಕಾದೀತು, ಕಡೆಗೆ ಸಂಶಯವು ತನ್ನತ್ತಲೇ ತಿರುಗೀತು ಎಂಬ ಶಂಕೆಗಳೂ ಅದರಲ್ಲಿ ಸೇರಿವೆ. ಠಾಣೆಯ ಮೆಟ್ಟಿಲು ಹತ್ತಬಾರದೆಂಬ ಹಿರಿಯರ ಮಾತನ್ನು ಕೇಳದವರು ನಮ್ಮಲ್ಲಿ ವಿರಳ.

ಸಾಕ್ಷಿಯು ಅಪರಾಧಿಯಲ್ಲ, ಕಂಡದ್ದನ್ನು ಹೇಳಿ ನ್ಯಾಯಕ್ಕೆ ನೆರವಾಗುವ ಪ್ರಜೆ. ಅವನನ್ನು ಕರೆಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿರುವ ಕಾನೂನು ಆ ಅಧಿಕಾರಕ್ಕೆ ಎಲ್ಲೆಯನ್ನೂ ಕಟ್ಟಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೆಯ ಕಲಮಿನಂತೆ ಕರೆಯು ಲಿಖಿತ ರೂಪದಲ್ಲಿರಬೇಕು. 15 ವರ್ಷ ತುಂಬದ ಅಥವಾ 60 ವರ್ಷ ಮೀರಿದ ಗಂಡಸರನ್ನು, ಯಾವ ವಯಸ್ಸಿನ ಹೆಂಗಸರನ್ನೇ ಆಗಲಿ, ಅಂಗವಿಕಲರನ್ನು, ತೀವ್ರ ಕಾಯಿಲೆಯಿಂದ ನರಳುವವರನ್ನು ಅವರ ವಾಸಸ್ಥಳ ಬಿಟ್ಟು ಬೇರೆಡೆಗೆ ಬರಬೇಕೆಂದು ಒತ್ತಾಯಿಸುವಂತಿಲ್ಲ. ಹೆಂಗಸರಿಗೆ ಈ ರಕ್ಷಣೆ ಹಿಂದಿನ 1973ರ ಸಂಹಿತೆಯಲ್ಲಿಯೂ ಇತ್ತು. ಹಾಗಿದ್ದೂ 1977ರಲ್ಲಿ, ಒರಿಸ್ಸದ ಮುಖ್ಯಮಂತ್ರಿಯಾಗಿದ್ದ ನಂದಿನಿ ಸತ್ಪಥಿಯವರನ್ನು ಕಟಕದ ಠಾಣೆಯೊಂದಕ್ಕೆ ವಿಚಾರಣೆಗಾಗಿ ಕರೆಸಲಾಯಿತು. ಅವರು ಸಾಕ್ಷಿಯಲ್ಲ, ಆರೋಪಿ. ಆದರೂ ಹೆಣ್ಣುಮಗಳೊಬ್ಬಳನ್ನು ಹೀಗೆ ಠಾಣೆಗೆ ಬರಹೇಳಿದ್ದು ಕಾನೂನಿನ ಉಲ್ಲಂಘನೆಯೆಂದು 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಕ್ಷೇಪಿಸಿತು. ಮುಖ್ಯಮಂತ್ರಿಯಾಗಿದ್ದವರಿಗೇ ಹೀಗಾದರೆ ಸಂತೆಯಲ್ಲಿ ಸೊಪ್ಪು ಮಾರುವಾಕೆಯ ಪಾಡೇನು?

ಕಾನೂನಿನಲ್ಲಿ ಇನ್ನೊಂದು ಸೋಜಿಗವುಂಟು. ಸಾಕ್ಷಿ ನುಡಿದುದನ್ನು ಪೊಲೀಸ್ ಅಧಿಕಾರಿ ಬರೆದುಕೊಳ್ಳಬಹುದು. ಆದರೆ ಆ ಹೇಳಿಕೆಗೆ ಸಾಕ್ಷಿಯ ರುಜು ಹಾಕಿಸಿಕೊಳ್ಳುವಂತಿಲ್ಲ. (ಮಹಜರಿನ ಮಾತು ಬೇರೆ, ಅದಕ್ಕೆ ಪಂಚರ ರುಜು ಬೇಕು.) ಬರೆದವರ ಕೈ ಬೇರೆ, ನುಡಿದವರ ಬಾಯಿ ಬೇರೆ. ರುಜು ಬಿದ್ದರೆ ಅಧಿಕಾರಿಯ ವಾಕ್ಯಗಳೇ ಸಾಕ್ಷಿಯ ಕೊರಳಿಗೆ ಉರುಳಾಗುವ ಭಯವುಂಟು. ನ್ಯಾಯಾಲಯದಲ್ಲಿ ಆತ ಯಾವ ಹಂಗೂ ಇಲ್ಲದೆ ಮಾತನಾಡಬೇಕೆಂಬುದೇ ಈ ನಿಯಮದ ಉದ್ದೇಶ. ನಿಷ್ಠೆಯಿಂದ ದುಡಿಯುವ ಅಧಿಕಾರಿಗೆ ಇದು ತನ್ನನ್ನು ನಂಬದ ಕಾನೂನೆಂದು ತೋರಬಹುದು. ಆ ನೋವು ಸಹಜವೇ. ಆದರೂ ಓದುಬರಹ ಬಾರದವನೊಬ್ಬ ಠಾಣೆಯ ಮೇಜಿನ ಮುಂದೆ ನಿಂತಿರುವ ಚಿತ್ರವನ್ನು ನೆನೆದರೆ ನಿಯಮದ ಅಗತ್ಯವು ತಾನೇ ತಿಳಿಯುತ್ತದೆ.

ಕಾಗದದ ಮೇಲಿನ ಎಲ್ಲೆಗಳನ್ನು ಮೀರಿದರೆ ಕೇಳುವವರಾರು? ಪೊಲೀಸರ ಮೇಲಿನ ದೂರುಗಳನ್ನು ಆಲಿಸಲು ರಾಜ್ಯಕ್ಕೂ ಜಿಲ್ಲೆಗೂ ಪ್ರಾಧಿಕಾರಗಳು ಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಆದೇಶಿಸಿತು. ಪ್ರತಿಯೊಂದು ಠಾಣೆಯಲ್ಲಿ ದೃಶ್ಯವನ್ನೂ ಧ್ವನಿಯನ್ನೂ ದಾಖಲಿಸುವ ಕ್ಯಾಮೆರಾಗಳಿರಬೇಕೆಂದು 2020ರಲ್ಲಿ ವಿಧಿಸಿತು. ಸಾಕ್ಷಿಗಳ ರಕ್ಷಣೆಗೆ 2018ರಲ್ಲಿ ಒಂದು ಯೋಜನೆಯನ್ನೂ ಅಂಗೀಕರಿಸಿತು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಮೆಚ್ಚಿಗೆಯಾದುದು ರಸ್ತೆ ಅಪಘಾತಗಳನ್ನು ಕುರಿತ ನಿಯಮಗಳು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸರ ಪ್ರಶ್ನೆಗಳಿಗೆ ಸಿಲುಕಬೇಕೆಂದು ಹೆದರಿ ಜನ ಸುಮ್ಮನೆ ಹಾದುಹೋಗುತ್ತಿದ್ದರು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶಕ್ಕೆಲ್ಲ ಅನ್ವಯವಾಗುವಂತೆ ಎತ್ತಿಹಿಡಿದ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ, ನೆರವಾದವನು ತನ್ನ ಹೆಸರು ಹೇಳಲೇಬೇಕೆಂಬ ಕಟ್ಟುಪಾಡಿಲ್ಲ. ತಾನಾಗಿ ಸಾಕ್ಷಿಯಾಗಲು ಒಪ್ಪಿದರೆ ಅಧಿಕಾರಿಯು ಆತನಿಗೆ ಅನುಕೂಲವಾದ ವೇಳೆಯಲ್ಲಿ, ಆತನ ಮನೆಗೋ ಕೆಲಸದ ಸ್ಥಳಕ್ಕೋ ಹೋಗಿ ಒಂದೇ ಸಲಕ್ಕೆ ವಿಚಾರಣೆ ಮುಗಿಸಬೇಕು. ಹಾಗೆ ಹೋಗುವಾಗ ಸಮವಸ್ತ್ರ ಕಳಚಿಟ್ಟು ಸಾಮಾನ್ಯ ಉಡುಪಿನಲ್ಲಿ ಹೋಗಬೇಕು.