ಯುರೋಪ್ ಸುತ್ತಲು ಹೊರಟ ಸೊಸೆಮುದ್ದಿಗೆ

ಪ್ರೀತಿಯ ಪುಟ್ಟಿ,



ರಜೆಯಲ್ಲಿ ಹದಿನೈದು ದಿನಕ್ಕೆ ಎಂಟು ದೇಶ ನೋಡುವ ನಿನ್ನ ಪಟ್ಟಿಯನ್ನು ಅಕ್ಕ ನನಗೂ ಕಳಿಸಿದಳು. ಅದರಲ್ಲಿ ಐದನ್ನು ಹೊಡೆದುಹಾಕು. ಯುರೋಪಿನಲ್ಲಿ ಕೈಯ ಹಣ ಕರಗುವುದು ಅವಸರಕ್ಕೆ. ಒಂದೂರಿನಲ್ಲಿ ನಾಲ್ಕು ದಿನ ನಿಂತವರಿಗೆ ಟಿಕೆಟ್ಟಿನ ಖರ್ಚು ತಾನಾಗಿಯೇ ಇಳಿಯುತ್ತದೆ, ಆ ಊರೂ ಸ್ವಲ್ಪ ಅರ್ಥವಾಗುತ್ತದೆ.

ಮೊದಲು ನೀನು ಓದುತ್ತಿರುವ ಜರ್ಮನಿಯನ್ನೇ ನೋಡು. ಡಾಯ್ಚ್‌ಲ್ಯಾಂಡ್ ಟಿಕೆಟ್ ಎಂಬ ತಿಂಗಳ ಪಾಸು 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2026ರ ಜನವರಿಯಿಂದ 63 ಆಗಿದೆ. ಆದರೂ ದೇಶದ ಸಿಟಿ ಬಸ್ಸು, ಟ್ರಾಮು, ಮೆಟ್ರೊ, ಪ್ರಾದೇಶಿಕ ರೈಲು ಎಲ್ಲಕ್ಕೂ ತಿಂಗಳಿಡೀ ಅದೊಂದೇ ಸಾಕು. ಹಲವು ವಿಶ್ವವಿದ್ಯಾಲಯಗಳು ಅದನ್ನೇ ಕಡಿಮೆ ದರದಲ್ಲಿ ಸೆಮಿಸ್ಟರ್ ಶುಲ್ಕದೊಳಗೆ ಸೇರಿಸಿರುತ್ತವೆ. ನಿನ್ನ ಶುಲ್ಕದಲ್ಲಿ ಇದೆಯೋ ವಿಚಾರಿಸು, ಎರಡು ಸಲ ಕೊಳ್ಳಬೇಡ. ಬೇರೆಯಾಗಿ ಕೊಂಡರೆ ಅದು ತಿಂಗಳ ಚಂದಾ. ಹತ್ತನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ. ಐಸಿಇಯಂಥ ವೇಗದ ರೈಲಿಗೆ ಈ ಟಿಕೆಟ್ ನಡೆಯುವುದಿಲ್ಲ. ಮ್ಯೂನಿಕ್‌ನಿಂದ ಬರ್ಲಿನ್‌ಗೆ ಐಸಿಇ ಸುಮಾರು ನಾಲ್ಕು ಗಂಟೆಯಲ್ಲಿ ಮುಟ್ಟಿಸಿದರೆ ಪ್ರಾದೇಶಿಕ ರೈಲಿನಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟು ದೂರಕ್ಕೆ ತಿಂಗಳುಗಳ ಮೊದಲೇ ಐಸಿಇಯ ಅಗ್ಗದ ಟಿಕೆಟ್ ಕೊಂಡಿಡು. ಆದರೆ ಮ್ಯೂನಿಕ್‌ನಿಂದ ಗಡಿ ದಾಟಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ವರೆಗೂ ಡಾಯ್ಚ್‌ಲ್ಯಾಂಡ್ ಟಿಕೆಟ್ಟೇ ನಡೆಯುತ್ತದೆ. ಪಕ್ಕದ ಲಕ್ಸೆಂಬರ್ಗ್‌ನಲ್ಲಿ 2020ರಿಂದ ಬಸ್ಸು, ಟ್ರಾಮು, ರೈಲಿನ ಎರಡನೇ ದರ್ಜೆ ಎಲ್ಲರಿಗೂ ಉಚಿತ. ಸರ್ಕಾರವೊಂದು ಜನರ ಓಡಾಟವನ್ನು ಹೀಗೆ ಹಗುರ ಮಾಡಿದ್ದು ನನಗಂತೂ ತುಂಬ ದೊಡ್ಡ ಕೆಲಸವೆನಿಸುತ್ತದೆ.

ರೈಲು ಪಾಸ್ ಕೊಳ್ಳುವುದಾದರೆ ಯುರೇಲ್ ಕೇಳಬೇಡ. ಅದು ಹೊರಗಿನಿಂದ ಬರುವ ಪ್ರವಾಸಿಗಳಿಗೆ. ಪಾಸ್‌ಪೋರ್ಟ್ ಭಾರತದ್ದಾದರೂ ನೀನು ಅಲ್ಲಿನ ನಿವಾಸಿ, ನಿನಗೆ ಇಂಟರ್‌ರೇಲ್. ಫ್ರಾನ್ಸ್, ಇಟಲಿ, ಸ್ಪೇನ್‌ಗಳ ವೇಗದ ರೈಲಿಗೆ ಪಾಸ್ ಇದ್ದರೂ ಸೀಟು ಕಾಯ್ದಿರಿಸಲು ಮತ್ತೆ ಹಣ ಕಟ್ಟಬೇಕು. ಅದನ್ನೂ ಕೂಡಿಸಿ ಲೆಕ್ಕ ಹಾಕಿದ ಮೇಲೆ ತೀರ್ಮಾನ ಮಾಡು.

ಇಪ್ಪತ್ತು ಯೂರೋ ವಿಮಾನ ಕಂಡೊಡನೆ ಮನಸ್ಸು ಕುಣಿಯುತ್ತದೆ, ಗೊತ್ತು. ಆದರೆ ಪ್ಯಾರಿಸ್ ಎಂದು ಹೇಳಿ ಇಳಿಸುವ ಬೋವೆ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 80 ಕಿಲೋಮೀಟರ್ ದೂರ. ಫ್ರಾಂಕ್‌ಫರ್ಟ್ ಹಾನ್ ನಿಲ್ದಾಣ ಫ್ರಾಂಕ್‌ಫರ್ಟ್‌ನಿಂದ ಇನ್ನೂ ದೂರ. ಬಸ್ಸಿನ ದರ, ಬ್ಯಾಗಿನ ದರ ಸೇರಿದ ಮೇಲೆ ಉಳಿಯುವುದೇನು? ಅದಕ್ಕಿಂತ ಫ್ಲಿಕ್ಸ್‌ಬಸ್ ನಿನ್ನನ್ನು ನೇರ ಊರೊಳಗೇ ಇಳಿಸುತ್ತದೆ.

ಉಳಿಯಲು ಯೂತ್ ಹಾಸ್ಟೆಲ್ ಇದೆ. ಆ ಪದ್ಧತಿ ಹುಟ್ಟಿದ್ದೇ ಜರ್ಮನಿಯಲ್ಲಿ. ಶಾಲಾ ಮಕ್ಕಳೊಂದಿಗೆ ನಡೆದು ಊರು ಸುತ್ತುತ್ತಿದ್ದ ರಿಚರ್ಡ್ ಶಿರ್‌ಮನ್ ಎಂಬ ಮೇಷ್ಟ್ರು 1912ರಲ್ಲಿ ಆಲ್ಟೆನಾದ ಕೋಟೆಯಲ್ಲಿ ಮೊದಲ ಹಾಸ್ಟೆಲ್ ತೆರೆದರು. ನೀನು ಗೊತ್ತುಮಾಡುವ ಹಾಸ್ಟೆಲ್‌ನಲ್ಲಿ ಅಡುಗೆಮನೆ ಇದೆಯೋ ಕೇಳು. ಅಮ್ಮ ಕೊಟ್ಟ ಸಾರಿನ ಪುಡಿ, ಅವಲಕ್ಕಿ ಚೀಲದಲ್ಲಿರಲಿ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹಾಲು ತರಕಾರಿ ಶನಿವಾರವೇ ತಂದುಕೊ.

ಇಪ್ಪತ್ತಾರು ತುಂಬುವ ಮೊದಲು ಪ್ಯಾರಿಸ್ ನೋಡಿಬಿಡು. ಯುರೋಪಿಯನ್ ಒಕ್ಕೂಟದಲ್ಲಿ ವಾಸವಿರುವ ನಿನ್ನ ವಯಸ್ಸಿನವರಿಗೆ ಲೂವ್ರ್ ಪ್ರವೇಶ ಉಚಿತ. ನಿವಾಸ ಪರವಾನಗಿ ಕಾರ್ಡ್ ತೋರಿಸಬೇಕು. ಇಟಲಿಯ ಸರ್ಕಾರಿ ಮ್ಯೂಸಿಯಂಗಳು ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ, ಜನಸಂದಣಿ ಮಾತ್ರ ವಿಪರೀತ.

ಅದೇ ನಿವಾಸ ಪರವಾನಗಿ ಕಾರ್ಡಿನ ಮೇಲೆ ಬೇರೆ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಇರಬಹುದು. ಲಂಡನ್ ಇರುವ ಬ್ರಿಟನ್ ಅವುಗಳಲ್ಲಿ ಸೇರಿಲ್ಲ, ಅದಕ್ಕೆ ಬೇರೆ ವೀಸಾ ಬೇಕು.

ಒಂದು ಮಾತು ಕಡ್ಡಾಯವಾಗಿ ನಡೆಸಿಕೊಡು. ಜರ್ಮನಿಯ ಎಷ್ಟೋ ನಿಲ್ದಾಣಗಳಲ್ಲಿ ಗೇಟಿಲ್ಲ, ಕೇಳುವವರೂ ಕಾಣುವುದಿಲ್ಲ. ಹಾಗೆಂದು ಟಿಕೆಟ್ ಇಲ್ಲದೆ ಒಂದು ನಿಲ್ದಾಣವೂ ಹೋಗಬೇಡ. ಸಿಕ್ಕಿಬಿದ್ದರೆ 60 ಯೂರೋ ದಂಡ, ಜರ್ಮನ್ ಕಾನೂನಿನಲ್ಲಿ ಅದು ಅಪರಾಧವೂ ಹೌದು.

ಇಂತಿ,
ನಿನ್ನ ಸೋದರಮಾವ