ನಿಮ್ಮ ನಾಯಿ ಕೆಮ್ಮುತ್ತಿದೆಯೇ?



ಹಸು ಕೆಮ್ಮಿದರೆ ನಾವು ಅಂದೇ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೇವೆ. ಕೊಟ್ಟಿಗೆ ಕಾಯುವ ನಾಯಿ ಹದಿನೈದು ದಿನ ಕೆಮ್ಮಿದರೂ ತಾನಾಗಿಯೇ ವಾಸಿಯಾಗುತ್ತದೆಂದು ಸುಮ್ಮನಿರುತ್ತೇವೆ. ಗಂಟಲು, ಶ್ವಾಸನಾಳ, ಶ್ವಾಸಕೋಶ ಅಥವಾ ಹೃದಯದಲ್ಲಿ ತೊಂದರೆ ಇದೆಯೆಂಬುದಕ್ಕೆ ಕೆಮ್ಮು ಒಂದು ಸೂಚನೆ. ಕೆಲವೊಮ್ಮೆ ಅದು ಮನೆಯವರ ಪ್ರಾಣಕ್ಕೂ ಸಂಬಂಧಿಸಿರುತ್ತದೆ.

ಬಾಯಿಗೆ ಕೈ ಹಾಕಬೇಡಿ

ನಾಯಿ ಗಂಟಲಿಗೆ ಏನೋ ಸಿಕ್ಕಿಕೊಂಡಂತೆ ಒದ್ದಾಡಿದರೆ, ಮೂಳೆ ಇರಬೇಕೆಂದು ಬಾಯಿ ತೆರೆಸಿ ಬೆರಳು ಹಾಕುವವರಿದ್ದಾರೆ. ಇದು ಅಪಾಯಕರ. ರೇಬೀಸ್ ಎಂಬ ಹುಚ್ಚುನಾಯಿ ರೋಗದಲ್ಲಿ ಗಂಟಲಿನ ಸ್ನಾಯುಗಳು ಸೋತು, ನಾಯಿ ನುಂಗಲಾರದೆ ಹೀಗೆಯೇ ಮಾಡುತ್ತದೆ. ದವಡೆ ಜೋತುಬೀಳುವುದು, ಜೊಲ್ಲು ಸುರಿಯುವುದು, ಬೊಗಳುವ ಧ್ವನಿ ಬದಲಾಗುವುದು, ಕಾರಣವಿಲ್ಲದೆ ಕಚ್ಚಲು ಬರುವುದು ಇವುಗಳಲ್ಲಿ ಯಾವುದು ಕಂಡರೂ ನಾಯಿಯನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸಿರಿ. ಈ ರೋಗ ತಗುಲಿದ ಹಸುವೂ ಮೇವು ಸಿಕ್ಕಿಕೊಂಡಂತೆ ಕಾಣಬಹುದು. ಅಲ್ಲಿಯೂ ಇದೇ ಎಚ್ಚರಿಕೆ ಇರಲಿ.

ನಾಯಿ ಕಚ್ಚಿದ್ದರೆ ಅಥವಾ ಜೊಲ್ಲು ಗಾಯಕ್ಕೆ ತಗುಲಿದ್ದರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿರಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಇದಕ್ಕೆ ಮದ್ದಿಲ್ಲ.

ಕೆಮ್ಮಿನ ಬಗೆಗಳು

1. ಒಣ ಕೆಮ್ಮು, ಕೊನೆಯಲ್ಲಿ ಬಿಳಿ ನೊರೆ ಕಾರುವುದು, ಆದರೆ ಊಟ ಮತ್ತು ಚುರುಕು ಎಂದಿನಂತೆ: ಇದು ನಾಯಿಯಿಂದ ನಾಯಿಗೆ ಹರಡುವ ಸಾಂಕ್ರಾಮಿಕ ಕೆಮ್ಮು. ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಇಳಿಯುತ್ತದೆ.

2. ಕೆಮ್ಮಿನ ಜೊತೆ ಜ್ವರ, ಕಣ್ಣು ಮೂಗಿನಲ್ಲಿ ಕೀವು, ಭೇದಿ: ಡಿಸ್ಟೆಂಪರ್ ಇರಬಹುದು. ಲಸಿಕೆ ಹಾಕಿಸದ ಮರಿಗಳಲ್ಲಿ ಹೆಚ್ಚು. ಮುಂದೆ ಫಿಟ್ಸ್ ಬಂದು ಸಾಯಬಹುದು.

3. ಬಡಕಲು ಮೈ, ಡೊಳ್ಳು ಹೊಟ್ಟೆಯ ಮರಿಯ ಕೆಮ್ಮು: ಜಂತುಹುಳುವಿನ ಮರಿಗಳು ಶ್ವಾಸಕೋಶದ ಮೂಲಕ ಸಾಗುವಾಗ ಹೀಗಾಗುತ್ತದೆ.

4. ವಯಸ್ಸಾದ ನಾಯಿ ರಾತ್ರಿ ಕೆಮ್ಮುವುದು, ಸ್ವಲ್ಪ ಓಡಾಡಿದರೂ ಸುಸ್ತಾಗುವುದು: ಹೃದಯದ ತೊಂದರೆ ಇರಬಹುದು.

ಉಸಿರು ಎಣಿಸಿರಿ

ನಾಯಿ ನಿದ್ರಿಸುವಾಗ ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು ಎಂದು ಒಂದು ನಿಮಿಷ ಎಣಿಸಿರಿ. ಮತ್ತೆ ಮತ್ತೆ ಎಣಿಸಿದಾಗಲೂ 30ಕ್ಕಿಂತ ಹೆಚ್ಚಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ವಸಡು ನೀಲಿಯಾದರೆ ಅಥವಾ ಬಿಳಿಚಿಕೊಂಡರೆ, ಕೆಮ್ಮಿನಲ್ಲಿ ರಕ್ತ ಬಂದರೆ ಅದು ತುರ್ತು ಸ್ಥಿತಿ.

ಮನೆಯ ಆರೈಕೆ

ಒಲೆಯ ಹೊಗೆ ಮತ್ತು ಬೂಸಾ, ಒಣಹುಲ್ಲಿನ ಧೂಳಿನಿಂದ ದೂರದಲ್ಲಿ, ಗಾಳಿಯಾಡುವ ಒಣ ಜಾಗದಲ್ಲಿ ಗೋಣಿಚೀಲ ಹಾಸಿ ಮಲಗಿಸಿರಿ. ಕೊರಳ ಪಟ್ಟಿ ಬಿಗಿಯಾಗಿರಬಾರದು. ನೀರು ಸದಾ ಇರಲಿ. ಅನ್ನ ಅಥವಾ ಮುದ್ದೆಯನ್ನು ಮೆತ್ತಗೆ ಮಾಡಿ ಸ್ವಲ್ಪ ಸ್ವಲ್ಪವೇ ಕೊಡಿರಿ. ಬೇರೆ ನಾಯಿಗಳ ಜೊತೆ ಬಿಡಬೇಡಿರಿ. ಗೊಟ್ಟದಲ್ಲಿ ಎಣ್ಣೆ, ಕಷಾಯ ಹೊಯ್ಯಬಾರದು; ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಮನುಷ್ಯರ ಕೆಮ್ಮಿನ ಔಷಧಿ, ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿರಿ.

ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಅವರ ಕಫ ಪರೀಕ್ಷೆಯನ್ನೂ ಮಾಡಿಸಿರಿ. ಮನುಷ್ಯರ ಕ್ಷಯ ನಾಯಿಗೂ ತಗುಲಬಲ್ಲದು.

ಮುಂಜಾಗ್ರತೆ

ಮರಿಗೆ 6 ರಿಂದ 8 ವಾರವಾದಾಗ ಡಿಸ್ಟೆಂಪರ್ ಲಸಿಕೆ ಆರಂಭಿಸಿ, ವೈದ್ಯರು ಹೇಳಿದ ಅಂತರದಲ್ಲಿ ಮುಂದಿನ ಡೋಸುಗಳನ್ನು ತಪ್ಪದೆ ಹಾಕಿಸಿರಿ. 3 ತಿಂಗಳಿಗೆ ರೇಬೀಸ್ ಲಸಿಕೆ, ನಂತರ ವರ್ಷಕ್ಕೊಮ್ಮೆ. ಜಂತುಹುಳುವಿನ ಔಷಧಿಯನ್ನೂ ಮರೆಯಬೇಡಿರಿ.

ಕೆಮ್ಮು ಎಂದು ಶುರುವಾಯಿತು, ಹಗಲೋ ರಾತ್ರಿಯೋ, ಒಣದೋ ಕಫದ್ದೋ, ನಿಮಿಷಕ್ಕೆ ಎಷ್ಟು ಉಸಿರು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ವೈದ್ಯರಿಗೆ ಅರ್ಧ ಕೆಲಸ ಹಗುರವಾಗುತ್ತದೆ. ರಾತ್ರಿಯಿಡೀ ನಿಮ್ಮ ಕೊಟ್ಟಿಗೆ ಕಾಯುವ ಪ್ರಾಣಿಗೆ ಇಷ್ಟು ಮಾಡುವುದು ನಮ್ಮ ಕರ್ತವ್ಯ.